ಕೂಲಂಟ್‌ಗೆ ‘ತಂಪು’ ಅಂದರೆ ನಡೆದೀತೇ?

ಗೆಳೆಯರೇ, ಕೂಲಂಟ್‌ಗೆ, ಅಂದರೆ ಗಾಡಿಯ ಇಂಜಿನ್ ಅತಿಯಾಗಿ ಕಾಯದಂತೆ ರೇಡಿಯೇಟರಿಗೆ ಹಾಕುವ ದ್ರವಕ್ಕೆ, ಒಂದು ಕನ್ನಡ ಪದ ಬೇಕಾಗಿದೆ.

ಶಿರಸಿಯಲ್ಲಿ ನಮ್ಮ ಭಾವನ ಗ್ಯಾರೇಜ್ ಇದೆ. ಅಲ್ಲಿನ ಗೋಡೆಗೆ ‘ಕೂಲಂಟ್ ಬದಲು ಬರೀ ನೀರು ಹಾಕಬೇಡಿ’ ಅಂತ ಬರೆಸಬೇಕಂತೆ. ‘ಕೂಲಂಟ್‌ಗೆ ಒಂದು ಕನ್ನಡ ಪದ ಕೊಡು, ನೀ ಓದಿದವ ಅಲ್ವಾ’ ಅಂದ. ಎರಡು ನಿಮಿಷದ ಕೆಲಸ ಅಂದುಕೊಂಡೆ. ಹದಿನೈದು ದಿನ ಕಳೆಯಿತು.

ಈ ಬೋರ್ಡಿಗೆ ಕಾರಣ ನಾನೇ. ಗ್ಯಾರೇಜಿನವರ ಬಾಯಲ್ಲಿ ಕೂಲಂಟ್ ಕೂಡ ‘ನೀರು’. ‘ಆಯಿಲ್ ನೋಡ್ಕ, ನೀರು ನೋಡ್ಕ’ ಅನ್ನುತ್ತಾರೆ. ನಾನು ಮಾತಿಗೆ ತಪ್ಪದೆ ಎರಡು ವರ್ಷ ಬೋರಿನ ನೀರು ಹಾಕುತ್ತಾ ಬಂದೆ. ಒಂದು ದಿನ ಕುಮಟಾದಿಂದ ಬರುವಾಗ ದೇವಿಮನೆ ಘಟ್ಟದಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿತು. ಬಾನೆಟ್ ಎತ್ತಿದರೆ ಬುಸ್ ಅಂತ ಹಬೆ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಅಷ್ಟು ಬುದ್ಧಿ ಇತ್ತು, ಸುಮ್ನೆ ಮುಕ್ಕಾಲು ಗಂಟೆ ಕಲ್ಲಿನ ಮೇಲೆ ಕೂತೆ.

ಮರುದಿನ ಭಾವ ರೇಡಿಯೇಟರ್ ಬಿಚ್ಚಿದ. ಕಾಫಿ ಬಣ್ಣದ ರಾಡಿ ಇಳಿಯಿತು. ಒಳಗಿನ ಸಣ್ಣ ಕೊಳವೆಗಳಲ್ಲಿ ಬಿಳಿ ಹಕ್ಕಳೆ, ಥೇಟ್ ಬಚ್ಚಲ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಹಾಗೆ.

‘ಎಂತ ಹಾಕ್ತಿದ್ದೆ ಮಾರಾಯ?’

‘ನೀರು. ನೀನೇ ಹೇಳಿದ್ದು.’

ಹಾಗಾಗಿ ‘ನೀರು’ ಬೇಡ. ಇನ್ನೊಂದು ಹೆಸರು ಗಿರಾಕಿಗಳ ಬಾಯಲ್ಲಿದೆ: ‘ಕೂಲಂಟ್ ಆಯಿಲ್’. ಇದಂತೂ ತಮಾಷೆ, ಅದರಲ್ಲಿ ಎಣ್ಣೆಯ ಹನಿಯೂ ಇಲ್ಲ. ಎಥಿಲೀನ್ ಗ್ಲೈಕಾಲ್ ಅನ್ನುವ ದ್ರವ, ನೀರು, ತುಕ್ಕು ತಡೆಯುವ ಒಂದಿಷ್ಟು ರಾಸಾಯನಿಕ, ಬಣ್ಣ, ಇಷ್ಟೇ. ಗ್ಯಾರೇಜಿನಲ್ಲಿ ಡಬ್ಬಿಯಿಂದ ಬಗ್ಗಿಸುವುದೆಲ್ಲ ಆಯಿಲ್ ಅಂತ ಕಾಣುತ್ತದೆ. ‘ಬ್ರೇಕ್ ಆಯಿಲ್’ ಅನ್ನುವುದೂ ಸಾಮಾನ್ಯವಾಗಿ ಗ್ಲೈಕಾಲ್ ಜಾತಿಯದ್ದೇ. ಅಲ್ಲಿ ಯಾರಾದರೂ ಹೆಸರು ನಂಬಿ ನಿಜವಾದ ಎಣ್ಣೆ ಹಾಕಿದರೆ ರಬ್ಬರ್ ಸೀಲುಗಳು ಉಬ್ಬಿ ಬ್ರೇಕೇ ಕೈಕೊಡುತ್ತದೆ.

ಪುಸ್ತಕದ ಪದ ‘ಶೀತಕ’. ಕೈಗಾ ಅಣುಸ್ಥಾವರದ ಬಗ್ಗೆ ಬರೆಯುವಾಗ ಈ ಪದ ಸರಿಯಾಗಿಯೇ ಕೂರುತ್ತದೆ. ಅಲ್ಲಿ ಶೀತಕದ ಕೆಲಸ ಮಾಡುವುದು ಭಾರಜಲ, ಅಂದರೆ ಒಂದು ಬಗೆಯ ನೀರೇ! ಕೂಲಂಟ್ ಅನ್ನುವುದು ವಸ್ತುವಿನ ಹೆಸರಲ್ಲ, ಕೆಲಸದ ಹೆಸರು ಅಂತ ನನಗೆ ಹೊಳೆದದ್ದು ಇಲ್ಲಿ. ಆದರೆ ಗ್ಯಾರೇಜಿನ ಗೋಡೆ ಮೇಲೆ ‘ಶೀತಕ ಹಾಕಿ’ ಅಂತ ಬರೆದರೆ? ನಮ್ಮಲ್ಲಿ ಶೀತ ಆಗುವುದು ಮೂಗಿಗೆ. ಭಾವನಿಗೆ ಹೇಳಿದ್ದಕ್ಕೆ ‘ಗಾಡಿಗೆ ಸೀನು ಬತ್ತ?’ ಅಂತ ಕೇಳಿದ.

ಆಮೇಲೆ ‘ತಣ್’ ಕಡೆ ತಿರುಗಿದೆ. ತಣ್ಣೀರು, ತಂಗಾಳಿ, ತಣ್ ಮತ್ತು ಕೂಳು ಸೇರಿದ ತಂಗಳು, ನಮ್ಮ ಊಟದ ತಂಬುಳಿ, ಎಲ್ಲ ಒಂದೇ ಮನೆಯವು. ‘ತಣಿನೀರು’ ಅಂತ ಕಟ್ಟಬಹುದಲ್ಲ ಅನ್ನಿಸಿತು. ಆದರೆ ಅದರಲ್ಲಿ ಮತ್ತೆ ನೀರು ಬಂತು. ಮೇಲಾಗಿ ಓಡುವ ಇಂಜಿನ್ನಿನಲ್ಲಿ ಈ ದ್ರವ ಸುಮಾರು 90 ಡಿಗ್ರಿ ಬಿಸಿ ಇರುತ್ತದೆ. ಮುಟ್ಟಿದರೆ ಕೈ ಬೇಯುತ್ತದೆ. ಅದಕ್ಕೆ ತಣ್ಣನೆಯದು ಅನ್ನುವುದು ಹೇಗೆ?

ಇಲ್ಲೇ ನನಗೆ ‘ತಂಪು’ ಹಿಡಿಸಿದ್ದು. ಕೊತ್ತಂಬರಿ ಕಷಾಯವನ್ನು ಬಿಸಿ ಬಿಸಿಯಾಗಿಯೇ ಕುಡಿಯುತ್ತೇವೆ, ಆದರೂ ‘ಕುಡಿ, ತಂಪು’ ಅನ್ನುತ್ತಾಳೆ ಅಮ್ಮ. ಹಾಗೆಯೇ ಫ್ರಿಜ್ಜಿನಿಂದ ತೆಗೆದ ಪಪ್ಪಾಯಿ ಹಣ್ಣು ‘ಉಷ್ಣ’. ತಣ್ಣಗೆ ಅನ್ನುವುದು ಕೈಗೆ ಗೊತ್ತಾಗುವುದು, ತಂಪು ಅನ್ನುವುದು ಒಳಗೆ ಹೋಗಿ ಮಾಡುವ ಕೆಲಸ. ಕೂಲಂಟ್ ಮಾಡುವುದೂ ಅದನ್ನೇ ಅಲ್ವಾ? ‘ಇಂಜಿನ್ ತಂಪು’ ಅಂದರೆ ಅಜ್ಜಿಗೂ ತಿಳಿಯುತ್ತದೆ. ಕಷಾಯದ ಹೋಲಿಕೆ ಮಾತ್ರ ಅಲ್ಲಿಗೇ ನಿಲ್ಲಲಿ. ಗ್ಲೈಕಾಲ್ ಸಿಹಿ, ಆದರೆ ವಿಷ. ನೆಲಕ್ಕೆ ಚೆಲ್ಲಿದರೆ ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ.

ಇನ್ನೊಂದು ಸಿಕ್ಕು ‘ಬದಲು’ ಅನ್ನುವ ಪದದ್ದು. ಕೂಲಂಟ್ ಬದಲು ನೀರು ಅಂದರೆ ಎರಡೂ ಬೇರೆ ಬೇರೆ ಅನ್ನಿಸುತ್ತದೆ. ಆದರೆ ನೀರು ಬೆರೆಸದೆ ಮಾರುವ ಗಟ್ಟಿ ಕೂಲಂಟ್‌ಗೆ ಸಾಮಾನ್ಯವಾಗಿ ಅರ್ಧಕ್ಕರ್ಧ ನೀರು ಬೆರೆಸಲೇಬೇಕು, ಅದೂ ಡಿಸ್ಟಿಲ್ಡ್ ವಾಟರ್. ಬೆರೆಸಿಯೇ ಬರುವ ಡಬ್ಬಿಗೆ ಮಾತ್ರ ಏನೂ ಸೇರಿಸುವಂತಿಲ್ಲ. ಶಾಖ ಹೊರುವುದರಲ್ಲಿ ನೀರು ಗ್ಲೈಕಾಲಿಗಿಂತ ಗಟ್ಟಿಗ. ಅದರ ದೋಷ ಬೇರೆ: 100 ಡಿಗ್ರಿಗೇ ಕುದಿಯುತ್ತದೆ, ಅರ್ಧಕ್ಕರ್ಧ ಮಿಶ್ರಣ ಇನ್ನೂ ಆರೇಳು ಡಿಗ್ರಿ ತಡೆಯುತ್ತದೆ. ಮುಚ್ಚಳದ ಒತ್ತಡದಿಂದ ಎರಡರ ಕುದಿಯುವ ಮಟ್ಟವೂ ಮೇಲೇರುತ್ತದೆ, ಅದು ಬೇರೆ ಮಾತು. ಬರೀ ನೀರು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ಅಲ್ಯುಮಿನಿಯಂ ತಿನ್ನುತ್ತದೆ. ಬೋರಿನ ಗಡಸು ನೀರಾದರೆ ಹಕ್ಕಳೆ ಬೋನಸ್. ಕರಾವಳಿಯ ಸವಳು ಬಾವಿಯ ನೀರು ಹಾಕಿದರಂತೂ ಕೇಳುವುದೇ ಬೇಡ. ಘಟ್ಟದ ಮಧ್ಯೆ ಬೇರೆ ಗತಿಯಿಲ್ಲದಿದ್ದರೆ ಕುಡಿಯುವ ನೀರು ಹಾಕಿ ಮನೆ ಸೇರಬಹುದು, ಆಮೇಲೆ ತೆಗೆಸಬೇಕು. ಅದಕ್ಕೇ ಬೋರ್ಡಿನಲ್ಲಿ ‘ಬರೀ’ ಅನ್ನುವ ಎರಡಕ್ಷರ ದೊಡ್ಡದಾಗಿ ಬರಬೇಕು ಅಂತ ನನ್ನ ಹಟ.

ಈಗ ನೀವು ಹೇಳಿ. ಕಾರವಾರ, ಅಂಕೋಲಾ ಕಡೆ ಗ್ಯಾರೇಜುಗಳಲ್ಲಿ ಇದಕ್ಕೆ ಏನನ್ನುತ್ತಾರೆ? ಕೊಂಕಣಿ ಮಾತಾಡುವ ಮೆಕ್ಯಾನಿಕ್ಕುಗಳೂ ‘ಉದಕ’ ಅಂತಲೇ ಕರೆಯುತ್ತಾರಾ? ಹಳೇ ಲಾರಿ ಡ್ರೈವರುಗಳ ಬಾಯಲ್ಲಿ ಬೇರೆ ಪದ ಏನಾದರೂ ಇತ್ತಾ? ‘ತಂಪು’ ಒಂದೇ ಸಾಕೋ, ‘ತಂಪುದ್ರವ’ ಅಂತ ಬಾಲ ಸೇರಿಸಬೇಕೋ? ನನಗೇನೋ ಬಾಲ ಬೇಡ.

ಬೇಗ ಉತ್ತರಿಸಿ. ಭಾವ ಕಾದೂ ಕಾದೂ ಬೇಸತ್ತು ನಿನ್ನೆ ಸೀಮೆಸುಣ್ಣದಲ್ಲಿ ತಾನೇ ಬರೆದಿದ್ದಾನೆ: ‘ಇಲ್ಲಿ ಕೂಲಂಟ್ ಆಯಿಲ್ ಸಿಗುತ್ತದೆ’.