ಮಾತ್ರೆ ಥಟ್ಟನೆ ನಿಲ್ಲಿಸಬೇಡಿ ತಂಗಿ

ನಿನ್ನೆ ರಾತ್ರಿ ಗುಂಪಿನಲ್ಲಿ ನೀವು ಬರೆದದ್ದು ಓದಿ ನಿದ್ದೆ ಬರಲಿಲ್ಲ. ಬೆನ್ನಿನ ಆಪರೇಷನ್ ಆದಮೇಲೆ ಕೊಟ್ಟ ಆಕ್ಸಿಕೊಡೋನ್ ಅನ್ನೋ ನೋವಿನ ಮಾತ್ರೆ ಚಟವಾಗಿ ಬಿಡಲು ಆಗಲಿಲ್ಲ, ಈಗ ಡಾಕ್ಟರು ಅದರ ಬದಲು, ಆ ಚಟದ ಚಿಕಿತ್ಸೆಗೆ ಬುಪ್ರೆನಾರ್ಫಿನ್ ಅನ್ನೋ ಔಷಧಿ ಕೊಡುತ್ತಿದ್ದಾರೆ, ನಾಲ್ಕು ತಿಂಗಳ ಬಸುರಿ ಅಂದಿರಿ. ಮಲ್ಲೇಶ್ವರದಿಂದ ಅಮ್ಮ ಫೋನ್ ಮಾಡಿ "ಎಲ್ಲ ಇವತ್ತೇ ಬಿಸಾಕು, ಮಗು ಮೆದುಳು ಹಾಳಾಗುತ್ತೆ" ಅಂತಿದ್ದಾರೆ.

ಬಿಸಾಕಬೇಡಿ. ಬಸುರಿಯಲ್ಲಿ ಥಟ್ಟನೆ ನಿಲ್ಲಿಸಿದರೆ ಗರ್ಭಕ್ಕೂ ಪೆಟ್ಟು, ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು. ಸಂಕಟ ತಡೆಯಲಾರದೆ ಹಳೆ ಮಾತ್ರೆಗೆ ಮತ್ತೆ ಕೈ ಹಾಕುವ ಅಪಾಯ ಇನ್ನೂ ಜಾಸ್ತಿ. ಅದಕ್ಕೇ ಡಾಕ್ಟರು ಬುಪ್ರೆನಾರ್ಫಿನ್ ಅಥವಾ ಅದೇ ಕೆಲಸಕ್ಕೆ ಕೊಡುವ ಮೆಥಡೋನ್ ಮುಂದುವರಿಸುತ್ತಾರೆ.

ಮಗುವಿಗೆ ಏನೂ ಆಗಲ್ಲ ಅಂತ ಸುಳ್ಳು ಹೇಳಲ್ಲ. ಬಸವನಗುಡಿಗೆ ವಾಪಸ್ ಬರುವ ಮೊದಲು 9 ವರ್ಷ ಅಮೆರಿಕದ ಓಹಾಯೋದಲ್ಲಿದ್ದೆ. ಶನಿವಾರ ಒಂದು ಆಸ್ಪತ್ರೆಗೆ ಹೋಗಿ, ಇಂಥ ಔಷಧಿ ತಗೊಂಡ ತಾಯಂದಿರ ಕೂಸುಗಳನ್ನು ಎತ್ತಿಕೊಂಡು ಕೂರುತ್ತಿದ್ದೆ. ಮೂರು ದಿನದ ಒಂದು ಹೆಣ್ಣುಕೂಸು ಇನ್ನೂ ಕಣ್ಣಮುಂದಿದೆ. ಕೀಚಲು ಅಳು. ಗದ್ದ ನಡುಗುತ್ತಿತ್ತು. ಒಂದರ ಹಿಂದೊಂದು ಸೀನು. ಬಾಟಲ್ ಕೊಟ್ಟರೆ ಆತುರದಿಂದ ಚೀಪುತ್ತೆ, ನುಂಗಲು ಬರಲ್ಲ, ಹಾಲೆಲ್ಲ ಕೆನ್ನೆ ಮೇಲೆ. ನರ್ಸ್ ಬೆಳಕು ಕಡಿಮೆ ಮಾಡಿ, ಕೈಗಳನ್ನು ಒಳಗೆ ಸೇರಿಸಿ ಸುತ್ತಿ ನನ್ನ ಎದೆಗೆ ಕೊಟ್ಟರು. ನಮ್ಮಜ್ಜಿ ಹಳೆ ಸೀರೆ ತುಂಡಿನಲ್ಲಿ ಸುತ್ತುತ್ತಿದ್ದರಲ್ಲ, ಹಾಗೇ. ಸ್ವಲ್ಪ ಹೊತ್ತಿಗೆ ಮುಷ್ಟಿ ಸಡಿಲವಾಯಿತು. ಆ ಕೂಸನ್ನು ಯಾರೂ ಅಡಿಕ್ಟ್ ಅನ್ನಬಾರದು. ಹೊಟ್ಟೆಯಲ್ಲಿ ಅಭ್ಯಾಸವಾದ ಔಷಧಿ ಹೊಕ್ಕುಳಬಳ್ಳಿ ಕತ್ತರಿಸಿದಾಗ ನಿಂತುಹೋಯಿತು, ಅಷ್ಟೇ.

ಎತ್ತಿಕೊಳ್ಳುವುದೂ ಚಿಕಿತ್ಸೆಯೇ. ಅಮೆರಿಕದ 26 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂಸು ಹಾಲು ಕುಡಿಯುತ್ತಾ, ನಿದ್ದೆ ಮಾಡುತ್ತಾ, ಎತ್ತಿಕೊಂಡರೆ ಸಮಾಧಾನ ಆಗುತ್ತಾ ಅಂತ ನೋಡಿಕೊಂಡು ಆರೈಕೆ ಮಾಡಿದರು. ಅಂಥ ಕೂಸುಗಳು ಸರಾಸರಿ 8 ದಿನಕ್ಕೆ ಮನೆಗೆ ಹೋಗಲು ತಯಾರಾದವು. ಹಳೆ ಪದ್ಧತಿಯಲ್ಲಿ ಸುಮಾರು 15 ದಿನ ಬೇಕಾಯಿತು. ಹಾಗಾಗಿ ಕೂಸನ್ನು ನಿಮ್ಮ ರೂಮಿನಲ್ಲೇ ಇಡಲು ಈಗಲೇ ಕೇಳಿಕೊಳ್ಳಿ. ಲಕ್ಷಣ ತಡವಾಗಿ ಬರಬಹುದು, ಕನಿಷ್ಠ 4 ದಿನ ಆಸ್ಪತ್ರೆ ಬಿಡಬೇಡಿ. ಎದೆಹಾಲು ಕೊಡಬಹುದಾ ಅಂತಲೂ ಕೇಳಿ, ಬುಪ್ರೆನಾರ್ಫಿನ್ ಮೇಲೆ ಸ್ಥಿರವಾಗಿರುವ ತಾಯಂದಿರಿಗೆ ಸಾಮಾನ್ಯವಾಗಿ ಕೊಡಿ ಅಂತಲೇ ಹೇಳುತ್ತಾರೆ.

ಮೆದುಳಿನ ವಿಷಯ. ಈ ಔಷಧಿ ಹಿಡಿದುಕೊಳ್ಳುವ ಜಾಗಗಳು ಗರ್ಭದಲ್ಲಿರುವ ಮಗುವಿನ ಮೆದುಳಲ್ಲೂ ಇವೆ. ಇಂಥ ಮಕ್ಕಳಲ್ಲಿ ಕೆಲವರಿಗೆ ಮುಂದೆ ಗಮನ, ಮಾತು, ನಡವಳಿಕೆಯಲ್ಲಿ ತೊಂದರೆ ಕಂಡಿದೆ. ಆದರೆ ಆ ಮನೆಗಳಲ್ಲಿ ಸಿಗರೇಟು, ಬಡತನ, ಮಗು ಒಂದು ಮನೆಯಿಂದ ಇನ್ನೊಂದಕ್ಕೆ ಅಲೆಯುವುದು ಎಲ್ಲ ಸೇರಿರುತ್ತೆ. ಯಾವುದು ಮಾತ್ರೆಯದು, ಯಾವುದು ಮನೆಯದು ಅಂತ ಬೇರ್ಪಡಿಸುವುದು ತುಂಬಾ ಕಷ್ಟ. ಮಾತು ತಡವಾದರೆ "ಗಂಡುಮಕ್ಕಳು ಹಾಗೇ" ಅಂತ ಸುಮ್ನೆ ಕೂರದೆ ಬೇಗ ತೋರಿಸಿ. ಅಪ್ಪ ತಗೊಂಡರೆ ಏನಾಗುತ್ತೆ ಅಂತ ಒಬ್ಬರು ಕೇಳಿದ್ದರು. ಇದೇ ಜಾತಿಯ ಮಾರ್ಫಿನ್ ಕೊಟ್ಟ ಗಂಡು ಇಲಿಗಳ ಮರಿಗಳಲ್ಲಿ ಬದಲಾವಣೆ ಕಂಡಿದ್ದಾರೆ. ಇಲಿಯ ಮಾತನ್ನು ಮನುಷ್ಯರಿಗೆ ಹಾಗೇ ಅಂಟಿಸಬೇಡಿ.

ಬಾಣಂತನಕ್ಕೆ ಬೆಂಗಳೂರಿಗೆ ಬರುವುದಾದರೆ, ಬುಪ್ರೆನಾರ್ಫಿನ್ ಮೂಲೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ ಅಂದುಕೊಂಡು ಬರಬೇಡಿ. ಔಷಧಿ ಚೀಟಿ, ಡಾಕ್ಟರ ಪತ್ರ ಎರಡೂ ಇರಲಿ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವೂ ಇದೆ, ತಾಯಿ ಮಗು ಒಟ್ಟಿಗೆ ಇರುವ ವಾರ್ಡೂ ಇದೆ. ಟಿಕೆಟ್ ಮಾಡುವ ಮೊದಲೇ ಅಲ್ಲಿ ಮಾತಾಡಿ.

ಅಮ್ಮನಿಗೆ ಫೋನಿನಲ್ಲಿ ವಿವರಿಸುವುದು ಕಷ್ಟ ಅಲ್ವಾ? ಅವರು ಒಪ್ಪಿದರೆ ನಂಬರ್ ನನಗೊಬ್ಬಳಿಗೇ ಕಳಿಸಿ. ಭಾನುವಾರ ಮಲ್ಲೇಶ್ವರಕ್ಕೆ ನಾನೇ ಹೋಗಿ ಕೂತು ಮಾತಾಡುತ್ತೇನೆ.