ಸಹಾಯ ಬೇಕು: ಪಿಎಚ್‌ಡಿ ಪ್ರಬಂಧ ಬರೆಯಲು ಕೂತರೆ ಕೈ ಓಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕೊನೆಯ ಅಧ್ಯಾಯವೊಂದೇ ಬಾಕಿ. ಟಿಪ್ಪಣಿಗಳೆಲ್ಲ ಸಿದ್ಧ ಇವೆ. ಆದರೆ ಫೈಲ್ ತೆರೆದ ಕೂಡಲೇ ಏನೋ ಕಸಿವಿಸಿ. ಸುಮ್ನೆ ಅಡಿಟಿಪ್ಪಣಿಯ ಫಾಂಟ್ ಸರಿಮಾಡುತ್ತೇನೆ, ಆಮೇಲೆ ಎದ್ದು ಹೋಗಿ ಫ್ರಿಜ್ ಒರೆಸುತ್ತೇನೆ. ಮನೆಯಲ್ಲಿ ಇದಕ್ಕೆ ಸೋಮಾರಿತನ ಅಂತಾರೆ. ಸೋಮಾರಿಗಳು ಫ್ರಿಜ್ ಒರೆಸ್ತಾರಾ ಹೇಳಿ!

ಸಿರಾಯ್ ಮತ್ತು ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಬರೆದ ಲೇಖನ ಓದಿದೆ. ಕೆಲಸ ಹುಟ್ಟಿಸುವ ಅಳುಕಿನಿಂದ ಸದ್ಯಕ್ಕೆ ತಪ್ಪಿಸಿಕೊಳ್ಳಲು ನಾವು ಅದನ್ನು ಮುಂದೂಡುತ್ತೇವಂತೆ. ನನ್ನ ಅಳುಕು ಯಾವುದು ಅಂತ ಗೊತ್ತು: ಗೈಡ್ ಕೈಯಲ್ಲಿರುವ ಕೆಂಪು ಪೆನ್ನು. ಹಾಗಾಗಿ ಟೈಮ್‌ಟೇಬಲ್, ಪೊಮೊಡೊರೊ (25 ನಿಮಿಷ ಕೆಲಸ, ಆಮೇಲೆ ಸ್ವಲ್ಪ ವಿರಾಮ) ಇಂಥ ಸಲಹೆ ದಯವಿಟ್ಟು ಬೇಡ.

ಈ ಭಯ ದಾಟಿ ಬರೆದು ಮುಗಿಸಿದವರು ಇದ್ದೀರಾ? ಅರೆಬರೆ ಕರಡನ್ನೇ ಗೈಡ್‌ಗೆ ಕೊಟ್ಟುಬಿಟ್ಟಿರಾ? ಬೆಂಗಳೂರಿನಲ್ಲಿ ಕನ್ನಡದಲ್ಲೇ ಮಾತಾಡುವ ಆಪ್ತಸಲಹೆಗಾರರು ಗೊತ್ತಿದ್ದರೂ ತಿಳಿಸಿ.