ಭರ್ಮೌರ್ ಮೇಲಿನ ಹಳ್ಳಿಯಿಂದ ಗದ್ದಿ ನಾಯಿಮರಿ ತರಲು ದಾರಿ ಯಾವುದು?

ಪ್ರಶ್ನೆ:
ಉದ್ಯೋಗನಿಮಿತ್ತ ಹಿಮಾಚಲ ಪ್ರದೇಶದ ಪಾಲಂಪುರದಲ್ಲಿ ನೆಲೆಸಿರುವ ನಾನು, ಚಂಬಾ ಜಿಲ್ಲೆಯ ಭರ್ಮೌರ್‌ಗಿಂತ ಮೇಲಿರುವ ಹಳ್ಳಿಯ ಕುರಿಗಾಹಿಯೊಬ್ಬರಿಂದ ಗದ್ದಿ ಎಂಬ ಕುರಿಗಾಹಿ ಸಮುದಾಯದವರು ಮಂದೆ ಕಾಯಲು ಸಾಕುವ ಗದ್ದಿ ನಾಯಿಯ ಮರಿಯನ್ನು ತರಬೇಕೆಂದಿದ್ದೇನೆ. ನಕ್ಷೆಯಲ್ಲಿ ರಸ್ತೆ ಅರ್ಧಕ್ಕೇ ನಿಂತಿದೆ, ಅವರ ಫೋನೂ ಸಿಗುತ್ತಿಲ್ಲ. ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಬನೀಖೇತ್ ಮಾರ್ಗವಾಗಿ ಚಂಬಾ ತಲುಪಿ, ರಾತ್ರಿ ಅಲ್ಲಿಯೇ ತಂಗಿ, ಬೆಳಗಿನ ಬಸ್ಸನ್ನೇ ಹಿಡಿಯಿರಿ. ರಾವಿ ನದಿಯ ಪಕ್ಕದಲ್ಲೇ ಸಾಗುವ ರಸ್ತೆಯು ಖಡಾಮುಖ್ ಬಳಿ ಬುಢಲ್ ಕಣಿವೆಗೆ ತಿರುಗುತ್ತದೆ. ಭರ್ಮೌರ್‌ಗೆ ಚಂಬಾದಿಂದ ಸುಮಾರು 60 ಕಿ.ಮೀ. ಮಾತ್ರವಾದರೂ, ಗುಡ್ಡ ಕುಸಿದರೆ ಅರ್ಧ ದಿನವೇ ಹೋಗುತ್ತದೆ. ಭರ್ಮೌರ್‌ನ ಚೌರಾಸಿ ದೇವಾಲಯದ ಸುತ್ತಮುತ್ತಲಿನ ಅಂಗಡಿಗಳಲ್ಲಿ ಕುರಿಗಾಹಿಯ ಹೆಸರನ್ನೂ ಊರನ್ನೂ ಹೇಳಿ ವಿಚಾರಿಸಿ; ನಕ್ಷೆಗಿಂತ ಅಂಗಡಿಯವರ ಮಾತನ್ನೇ ನಾನು ನಂಬುತ್ತೇನೆ.

ಉತ್ತರ 2:
ದಾರಿಗಿಂತ ಮೊದಲು ತಿಂಗಳನ್ನು ನೋಡಿಕೊಳ್ಳಿ. ಬೇಸಿಗೆಯಲ್ಲಿ ಮಂದೆಯೊಂದಿಗೆ ನಾಯಿಗಳೂ ಎತ್ತರದ ಹುಲ್ಲುಗಾವಲುಗಳಿಗೆ ಏರಿರುತ್ತವೆ. ಚಳಿಗಾಲದಲ್ಲಿ ಅನೇಕ ಗದ್ದಿ ಕುಟುಂಬಗಳು ಕಾಂಗ್ಡಾದ ತಗ್ಗಿನ ಗುಡ್ಡಗಳಿಗೆ, ಅಂದರೆ ನಿಮ್ಮ ಸಮೀಪಕ್ಕೇ, ಇಳಿದು ಬರುತ್ತವೆ. ಕಳೆದ ಡಿಸೆಂಬರಿನಲ್ಲಿ ನಾನು ಅಲ್ಲಿಯೇ ಒಂದು ತಾಯಿನಾಯಿಯನ್ನು ಕಂಡೆ. ಚಿರತೆ ಬಾಯಿ ಹಾಕದಂತೆ ಅದರ ಕುತ್ತಿಗೆಗೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟಿದ್ದರು. ಮರಿಗಳು ಅದರ ದಟ್ಟ ಕೂದಲಿನಲ್ಲಿ ಹುದುಗಿ ಮಲಗಿದ್ದವು. ಎರಡು ತಿಂಗಳು ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರ್ಪಡಿಸಬೇಡಿ.

ಪ್ರಶ್ನಿಸಿದವರು:
ಹಾಗಾದರೆ ಡಿಸೆಂಬರಿನವರೆಗೆ ಕಾಯುತ್ತೇನೆ. ಇಬ್ಬರಿಗೂ ಕೃತಜ್ಞತೆಗಳು.